ಹೋಲಿಸುವ ಮೊದಲು ಜೋಡಿ ಸರಿಯಿದೆಯೇ ನೋಡಿ

“ಇಂಜೆಕ್ಷನ್ ಹಾಕಿಸಿಕೊಂಡವರಿಗೂ ಮಂಗನ ಕಾಯಿಲೆ ಬಂತು, ಹಾಕಿಸಿಕೊಳ್ಳದವರಿಗೂ ಬಂತು. ಹಾಗಾದ್ರೆ ಇಂಜೆಕ್ಷನ್ ಎಂತಕ್ಕೆ ಮಾರಾಯ್ರೆ?”

2018ರ ಡಿಸೆಂಬರಿನಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಿನಲ್ಲಿ ಕಾಯಿಲೆ ಎದ್ದಾಗಿನಿಂದ ಜೋಗ, ಕಾರ್ಗಲ್ ಕಡೆಯ ಬಸ್‌ಸ್ಟ್ಯಾಂಡು, ಸೊಸೈಟಿ ಕಟ್ಟೆ, ಮದುವೆ ಮನೆ ಎಲ್ಲ ಕಡೆ ಕೇಳಿದ ಮಾತಿದು. ಹೇಳುವವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಕಣ್ಣಮುಂದೆಯೇ ಇಂಜೆಕ್ಷನ್ ಆದವರು ಆಸ್ಪತ್ರೆ ಸೇರಿದ್ದರು. ಆದರೆ ಆ ಮಾತಿನ ಒಳಗೆ ಒಂದು ಲೆಕ್ಕ ಅಡಗಿದೆ, ಆ ಲೆಕ್ಕದಲ್ಲಿ ಒಂದು ದೋಷವೂ ಇದೆ. ಇದೇ ದೋಷ ನಾವು ಕೃಷಿಕರು ತೋಟದ ವಿಷಯ ಮಾತನಾಡುವಾಗಲೂ ದಿನಾ ಬರುತ್ತದೆ. ಆದ್ದರಿಂದ ಕೃಷಿಪತ್ರಿಕೆಯಲ್ಲಿ ಕಾಯಿಲೆ ಪುರಾಣ ಎಂತಕ್ಕೆ ಅಂತ ಪುಟ ಮಗುಚಬೇಡಿ.

ಮಂಗನ ಕಾಯಿಲೆ ಬಗ್ಗೆ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು, ಹಾಗಾಗಿ ಆ ಊರಿನ ಹೆಸರೇ ಲೋಕಕ್ಕೆಲ್ಲ ಹೋಯಿತು. ವೈರಸ್ಸನ್ನು ಹರಡುವುದು ಉಣುಗು. ಮಂಗ ಸತ್ತು ಬಿದ್ದಲ್ಲಿ ಉಣುಗು ಉದುರುತ್ತದೆ, ಸೊಪ್ಪು ದರಗು ತರಲು ಬೆಟ್ಟಕ್ಕೆ ಹೋದವರಿಗೆ ಹತ್ತುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಅಡಿಕೆ ಕೊಯ್ಲಿನಿಂದ ಹಿಡಿದು ಮಳೆಗಾಲದ ತಯಾರಿವರೆಗೆ, ನಾವು ಬೆಟ್ಟ ಬಿಟ್ಟಿರಲು ಆಗದ ಕಾಲವೇ ಅದರ ಕಾಲ.

ಲಸಿಕೆಯನ್ನು ಯಾರಿಗೆ ಕೊಡುತ್ತಿದ್ದರು? ಮಂಗ ಸತ್ತ ಅಥವಾ ಜನರಿಗೆ ಕಾಯಿಲೆ ಬಂದ ಜಾಗದಿಂದ ಐದು ಕಿಲೋಮೀಟರ್ ಸುತ್ತಳತೆಯ ಹಳ್ಳಿಗಳಿಗೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರು, ಮತ್ತೆ ವರ್ಷ ವರ್ಷ ಬೂಸ್ಟರು. ಅಂದರೆ ಇಂಜೆಕ್ಷನ್ ಹೆಚ್ಚು ಹೋಗಿದ್ದೇ ಅಪಾಯ ಹೆಚ್ಚಿರುವ ಜಾಗಕ್ಕೆ. ಪೇಟೆಯವರಿಗೆ ಇಂಜೆಕ್ಷನ್ನೂ ಇಲ್ಲ, ಉಣುಗೂ ಇಲ್ಲ. ಇವರಿಬ್ಬರನ್ನು ಪಕ್ಕದಲ್ಲಿಟ್ಟು ನೋಡಿದರೆ ಇಂಜೆಕ್ಷನ್ ಆದವರಲ್ಲೇ ಕಾಯಿಲೆ ಜಾಸ್ತಿ ಕಾಣುವುದರಲ್ಲಿ ಆಶ್ಚರ್ಯವೇನಿದೆ?

ಒಂದು ಕಟ್ಟಿದ ಲೆಕ್ಕ ನೋಡಿ. ಇದು ನಿಜವಾದ ಊರಲ್ಲ, ತಿಳಿಯಲಿಕ್ಕೆ ಮಾಡಿದ್ದು. ಒಂದು ಊರಿಗೆ ಎರಡು ಕೇರಿ. ಮೇಲಿನ ಕೇರಿ ಕಾಡಿನ ಅಂಚಿಗೆ, 100 ಜನ, 80 ಮಂದಿಗೆ ಇಂಜೆಕ್ಷನ್ ಆಗಿದೆ, 20 ಮಂದಿಗೆ ಇಲ್ಲ. ಕೆಳಗಿನ ಕೇರಿ ರಸ್ತೆ ಬದಿಗೆ, ಅಲ್ಲೂ 100 ಜನ, 20 ಮಂದಿಗೆ ಆಗಿದೆ, 80 ಮಂದಿಗೆ ಇಲ್ಲ. ಮೇಲಿನ ಕೇರಿಯಲ್ಲಿ ಇಂಜೆಕ್ಷನ್ ಆದ 80ರಲ್ಲಿ 8 ಜನಕ್ಕೆ ಕಾಯಿಲೆ ಬಂತು, ಆಗದ 20ರಲ್ಲಿ 4 ಜನಕ್ಕೆ. ಕೆಳಗಿನ ಕೇರಿಯಲ್ಲಿ ಆದ 20ರಲ್ಲಿ ಯಾರಿಗೂ ಇಲ್ಲ, ಆಗದ 80ರಲ್ಲಿ 2 ಜನಕ್ಕೆ. ಈಗ ಇಡೀ ಊರು ಕೂಡಿಸಿ. ಇಂಜೆಕ್ಷನ್ ಆದ 100ರಲ್ಲಿ 8, ಆಗದ 100ರಲ್ಲಿ 6. “ಇಂಜೆಕ್ಷನ್ನಿಂದಲೇ ಕಾಯಿಲೆ” ಅಂತ ಹೇಳುವವರೂ ಸಿಗುತ್ತಾರೆ! ಆದರೆ ಕೇರಿ ಕೇರಿ ಬೇರೆ ಮಾಡಿ ನೋಡಿದರೆ ಮೇಲೆ ನೂರಕ್ಕೆ 10, ಅದೇ ಇಂಜೆಕ್ಷನ್ ಇಲ್ಲದವರಲ್ಲಿ ನೂರಕ್ಕೆ 20. ಕೆಳಗೆ ಸೊನ್ನೆ, ಮತ್ತು ನೂರಕ್ಕೆ ಎರಡೂವರೆ. ಎರಡೂ ಕೇರಿಯಲ್ಲಿ ಇಂಜೆಕ್ಷನ್ ಕೆಲಸ ಮಾಡಿದೆ, ಕೂಡಿಸಿದ ಮೊತ್ತದಲ್ಲಿ ಮಾತ್ರ ಅದು ಕಾಣೆಯಾಗಿದೆ.

ಹಾಗಾಗಿ ಅಧ್ಯಯನ ಮಾಡುವವರು ಜೋಡಿ ಕಟ್ಟುತ್ತಾರೆ. ಇಂಜೆಕ್ಷನ್ ಆದ ಒಬ್ಬನಿಗೆ, ಉಳಿದೆಲ್ಲ ವಿಷಯದಲ್ಲಿ ಅವನ ಹಾಗೇ ಇರುವ, ಇಂಜೆಕ್ಷನ್ ಮಾತ್ರ ಆಗದ ಇನ್ನೊಬ್ಬ. ಅಥವಾ ಕಾಯಿಲೆ ಬಂದ ಒಬ್ಬನಿಗೆ, ಅವನ ಹಾಗೇ ಇರುವ, ಕಾಯಿಲೆ ಬಾರದ ಇನ್ನೊಬ್ಬ. ಎತ್ತು ಜೋಡಿ ಮಾಡಿದ ಹಾಗೆಯೇ. ಒಂದು ದೊಡ್ಡದು ಒಂದು ಸಣ್ಣದು ಕಟ್ಟಿ ಉತ್ತರೆ ಸಾಲು ಸೊಟ್ಟ ಆಯ್ತು ಅಂತ ನೇಗಿಲನ್ನು ಬೈಯುವುದು ಸರಿಯಲ್ಲ.

ಅಳತೆಯ ಗುಣಗಳ ತಕರಾರು

ಇಲ್ಲಿಯವರೆಗೆ ಸುಲಭ. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು, ಆ ಊರಿನವರಿಗೆ ಆ ಊರಿನವರು. ಹೌದು ಅಥವಾ ಅಲ್ಲ ಅನ್ನುವ ಗುಣಗಳಿಗೆ ಜೋಡಿ ಸಿಗುತ್ತದೆ. ಆದರೆ ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಮೇಲಿನ ಕೇರಿ ಕೆಳಗಿನ ಕೇರಿ ಅಂತ ಗೆರೆ ಎಳೆದ ಹಾಗೆ ಎಲ್ಲಿದೆ? ಒಂದು ಮನೆ ಕಾಡಿನಿಂದ 50 ಮೀಟರ್, ಇನ್ನೊಂದು 180, ಮತ್ತೊಂದು ಹೊಳೆ ದಾಟಿ 400, ಆಮೇಲೆ ಒಂದೂಕಾಲು ಕಿಲೋಮೀಟರ್. ವಯಸ್ಸೂ ಹಾಗೆಯೇ. ಬೆಟ್ಟಕ್ಕೆ ಹೋಗುವ ದಿನಗಳ ಲೆಕ್ಕವೂ ಹಾಗೆಯೇ. ಇವು ಎಣಿಸಿ ಬುಟ್ಟಿಗೆ ಹಾಕುವ ಗುಣಗಳಲ್ಲ, ಅಳೆಯುವ ಗುಣಗಳು. 43 ವರ್ಷ, ಕಾಡಿನಿಂದ 180 ಮೀಟರ್, ತಿಂಗಳಿಗೆ 12 ದಿನ ಬೆಟ್ಟ, ಇಷ್ಟೂ ಸರಿಸಮ ಇರುವ ಇನ್ನೊಬ್ಬನನ್ನು ಹುಡುಕಲು ಹೊರಟರೆ ಮೂರು ತಾಲೂಕು ಸುತ್ತಿದರೂ ಸಿಕ್ಕಲಿಕ್ಕಿಲ್ಲ.

ಆಗ ಮಾಡುವುದು ಏನೆಂದರೆ ಗುಂಪು ಮಾಡುವುದು. 20ರಿಂದ 39 ಒಂದು ಗುಂಪು, 40ರಿಂದ 59 ಇನ್ನೊಂದು. ಸರ್ಕಾರಿ ಪಟ್ಟಿಗಳೆಲ್ಲ ಹೀಗೇ ಇರುತ್ತವೆ. ನನಗೆ ಇದು ಹಿಡಿಸುವುದಿಲ್ಲ. ಯಾಕೆಂದರೆ ಈ ಲೆಕ್ಕದಲ್ಲಿ 20ರ ಹುಡುಗನೂ 39ರ ಯಜಮಾನನೂ ಒಂದೇ, 39ರವನೂ 40ರವನೂ ಬೇರೆ ಬೇರೆ. ಇದನ್ನು ತೋಟಕ್ಕೆ ಹಾಕಿ ನೋಡಿ. “ಹತ್ತು ವರ್ಷದೊಳಗಿನ ಮರ, ಹತ್ತು ವರ್ಷ ಮೇಲಿನ ಮರ” ಅಂತ ಎರಡು ಪಾಲು ಮಾಡಿದರೆ, ಇನ್ನೂ ಹಿಂಗಾರ ಬಿಡದ ನಾಲ್ಕು ವರ್ಷದ ಗಿಡವೂ ಕೊನೆ ಇಳಿಸುವ ಒಂಬತ್ತರ ಮರವೂ ಒಂದೇ ಬುಟ್ಟಿಯಲ್ಲಿ!

ಹಾಗಂತ ಗುಂಪು ಮಾಡುವುದು ಪೂರ್ತಿ ದಂಡ ಎಂದೂ ಅಲ್ಲ. ವಿಲಿಯಂ ಕಾಕ್ರನ್ ಎಂಬ ಲೆಕ್ಕದ ಪಂಡಿತರು 1968ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದರು. ಒಂದು ಅಳತೆಯ ಗುಣವನ್ನು ಐದು ಗುಂಪು ಮಾಡಿ ಗುಂಪಿನೊಳಗೇ ಹೋಲಿಸಿದರೆ, ಆ ಗುಣದಿಂದ ಬರುವ ತಪ್ಪಿನಲ್ಲಿ ಸುಮಾರು ನೂರಕ್ಕೆ 90 ಭಾಗ ಹೋಗುತ್ತದೆ ಅಂತ. ಎರಡೇ ಗುಂಪು ಮಾಡಿದರೆ ಅಷ್ಟು ಹೋಗುವುದಿಲ್ಲ. ಈ ಕಾಕ್ರನ್ ಪ್ರಾಯದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಸಂಖ್ಯಾಶಾಸ್ತ್ರದ ಬಹುಪಾಲು ಒಳ್ಳೆಯ ವಿಚಾರ ಹೊಲದ ಬದುವಿನ ಮೇಲೆ ಹುಟ್ಟಿದ್ದು ಎನ್ನುವುದು ನಮಗೆಲ್ಲ ಸ್ವಲ್ಪ ಹೆಮ್ಮೆಯ ಸಂಗತಿ.

ಗುಂಪಿಗಿಂತ ಒಳ್ಳೆಯ ದಾರಿ ಸಡಿಲ ಇಡುವುದು. ಇವನ ವಯಸ್ಸು 43, ಜೊತೆಗಾರ ಎರಡು ವರ್ಷ ಆಚೀಚೆ ಇದ್ದರೆ ಸಾಕು, 41ರಿಂದ 45. ಗೆರೆ ಎಲ್ಲೋ ಮೊದಲೇ ಎಳೆದದ್ದಲ್ಲ, ಪ್ರತಿಯೊಬ್ಬನ ಸುತ್ತ ಅವನದೇ ಗೆರೆ. ಶಾಸ್ತ್ರದವರು ಇದಕ್ಕೆ ಕ್ಯಾಲಿಪರ್ ಅನ್ನುತ್ತಾರೆ, ಲೇತ್ ಕೆಲಸದವರು ಕಬ್ಬಿಣದ ದಪ್ಪ ಅಳೆಯಲು ಇಟ್ಟುಕೊಳ್ಳುತ್ತಾರಲ್ಲ, ಅದರದೇ ಹೆಸರು.

ಸಡಿಲ ಎಷ್ಟಿರಬೇಕು? ಇಲ್ಲಿಯೇ ಜಗಳ. ಬಿಗಿ ಮಾಡಿದರೆ ಜೋಡಿ ಸಿಗದೆ ಬಹಳ ಜನ ಲೆಕ್ಕದಿಂದ ಹೊರಗೆ ಬೀಳುತ್ತಾರೆ. ಬೀಳುವವರು ಯಾರ‍್ಯಾರೋ ಅಲ್ಲ. ಕಾಡಿನ ಮಧ್ಯೆ ಒಂಟಿ ಮನೆಯವರು, 70 ದಾಟಿದರೂ ದರಗು ಹೊರುವ ಮುದುಕರು, ಇಂಥವರಿಗೇ ಜೊತೆ ಸಿಗುವುದಿಲ್ಲ. ಅಪಾಯ ಹೆಚ್ಚಿರುವವರನ್ನೇ ಬಿಟ್ಟು ಮಾಡಿದ ಲೆಕ್ಕ ಅಪಾಯ ಕಡಿಮೆ ಇರುವವರ ಲೆಕ್ಕ ಆಗುತ್ತದೆ. ಆದರೆ ವರದಿಯ ಕೊನೆಯಲ್ಲಿ ಎಲ್ಲರಿಗೂ ಅನ್ವಯ ಅಂತ ಬರೆದಿರುತ್ತದೆ. ಸಡಿಲ ಜಾಸ್ತಿ ಬಿಟ್ಟರೆ ಎಲ್ಲರಿಗೂ ಜೋಡಿ ಸಿಗುತ್ತದೆ, ಆದರೆ ಜೋಡಿ ಹೆಸರಿಗೆ ಮಾತ್ರ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಐದು ವರ್ಷ ಸಡಿಲ ಇಟ್ಟಿದ್ದೀರಿ ಎನ್ನಿ. ಕಾಯಿಲೆಯವರ ವಯಸ್ಸು 40, 45, 50, 55. ಜೊತೆಗಾರರ ವಯಸ್ಸು 36, 41, 47, 51. ಒಂದೊಂದು ಜೋಡಿಯೂ ಕರಾರಿನೊಳಗೇ ಇದೆ. ಸರಾಸರಿ ತೆಗೆಯಿರಿ, ಒಂದು ಕಡೆ ನಲವತ್ತೇಳೂವರೆ, ಇನ್ನೊಂದು ಕಡೆ ನಲವತ್ತನಾಲ್ಕಕ್ಕೂ ಸ್ವಲ್ಪ ಕಡಿಮೆ. ಎಲ್ಲ ಜೋಡಿಯಲ್ಲೂ ಜೊತೆಗಾರ ಕಿರಿಯ! ಸಡಿಲ ಎರಡೂ ಬದಿಗೆ ಬಿಟ್ಟರೂ ಜಾರಿದ್ದು ಒಂದೇ ಬದಿಗೆ. ಯಾಕೆ ಹೀಗಾಗುತ್ತದೆ ಅಂದರೆ ಸುತ್ತಲಿನ ಜನರಲ್ಲಿ ಯಾರು ಹೆಚ್ಚು ಇದ್ದಾರೋ ಅವರೇ ಕೈಗೆ ಸಿಗುತ್ತಾರೆ. ನಮ್ಮ ಹೋಬಳಿಯಲ್ಲಿ ಈಗ ಲೆಕ್ಕ ಉಲ್ಟಾ, ಹುಡುಗರೆಲ್ಲ ಬೆಂಗಳೂರು ಸೇರಿ ಮನೆಯಲ್ಲಿ ಹಗಲು ಹೊತ್ತು ಸಿಗುವುದು ನಮ್ಮಂಥ ನರೆತ ತಲೆಯವರೇ. ಅಧ್ಯಯನಕ್ಕೆ ಬಂದವರು ಹಗಲು ಹನ್ನೊಂದಕ್ಕೆ ಬಾಗಿಲು ಬಡಿದರೆ ಜೊತೆಗಾರರೆಲ್ಲ ಹಿರಿಯರಾಗುತ್ತಾರೆ. ಹಾಗಾಗಿ ಜೋಡಿ ಕಟ್ಟಿ ಆದ ಮೇಲೆ ಎರಡೂ ಸಾಲಿನ ಸರಾಸರಿಯನ್ನು ಮತ್ತೆ ನೋಡಲೇಬೇಕು. ವರದಿಯಲ್ಲಿ ಅದು ಇಲ್ಲದಿದ್ದರೆ ಕೇಳಬೇಕು.

ಸಡಿಲದ ಬೆಲೆ ಎಲ್ಲ ಕಡೆ ಒಂದೇ ಅಲ್ಲ ಎನ್ನುವುದೂ ನಮಗೆ ಗೊತ್ತಿರುವ ವಿಷಯವೇ. 25 ವರ್ಷದ ಅಡಿಕೆ ಮರಕ್ಕೆ 28ರ ಮರವನ್ನು ಹೋಲಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಐದು ವರ್ಷದ್ದಕ್ಕೆ ಎಂಟರದ್ದನ್ನು ಹೋಲಿಸಿ ನೋಡಿ, ಕೊನೆಗೌಡನೇ ನಗುತ್ತಾನೆ. ಅದೇ ಮೂರು ವರ್ಷ. ಕಾಡಿನ ದೂರವೂ ಹಾಗೆ. ಅಂಚಿನಿಂದ 50 ಮೀಟರ್ ಮತ್ತು 250 ಮೀಟರ್ ನಡುವೆ ಇರುವ ವ್ಯತ್ಯಾಸ 4 ಕಿಲೋಮೀಟರಿಗೂ 4 ಕಿಲೋಮೀಟರ್ 200 ಮೀಟರಿಗೂ ನಡುವೆ ಇಲ್ಲ. ಆದ್ದರಿಂದ ದೂರಕ್ಕೆ ಇಂತಿಷ್ಟು ಮೀಟರ್ ಅಂತ ಸಡಿಲ ಇಡುವುದಕ್ಕಿಂತ “ಕಾಲುಭಾಗ ಆಚೀಚೆ” ಅಂತ ಪ್ರಮಾಣದ ಲೆಕ್ಕದಲ್ಲಿ ಇಡುವುದು ಸರಿ. 100 ಮೀಟರಿನವನಿಗೆ 75ರಿಂದ 125, ಎರಡು ಕಿಲೋಮೀಟರಿನವನಿಗೆ ಒಂದೂವರೆಯಿಂದ ಎರಡೂವರೆ. ಶಾಸ್ತ್ರದ ಪುಸ್ತಕ ಓದದೆಯೂ ಈ ಬುದ್ಧಿ ಹೇಳಬಲ್ಲವರು ನಾವು. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ವರ್ಷವನ್ನೂ ಮೀಟರನ್ನೂ ಕೂಡಿಸುವುದು ಹೇಗೆ?

ವಯಸ್ಸಿನಲ್ಲಿ ಹತ್ತಿರದವನು ದೂರದಲ್ಲಿ ದೂರ, ದೂರದಲ್ಲಿ ಹತ್ತಿರದವನು ವಯಸ್ಸಿನಲ್ಲಿ ದೂರ. ಇಬ್ಬರಲ್ಲಿ ಯಾರು ಒಳ್ಳೆಯ ಜೊತೆ? ಎರಡು ವರ್ಷಕ್ಕೂ ನೂರು ಮೀಟರಿಗೂ ತಕ್ಕಡಿ ಯಾವುದು?

ಇದಕ್ಕೆ ಒಂದು ತಕ್ಕಡಿ ಕೊಟ್ಟವರು ನಮ್ಮ ದೇಶದವರೇ, ಪ್ರಶಾಂತಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು, ಬಂಗಾಳದ ಸೆಣಬಿನ ಬೆಳೆ ಎಷ್ಟಿದೆ ಅಂತ ಅಳೆಯಲು ಮಾದರಿ ಸಮೀಕ್ಷೆ ನಡೆಸಿದವರು. 1936ರಲ್ಲಿ ಅವರು ಪ್ರಕಟಿಸಿದ ಅಂತರದ ಲೆಕ್ಕ ಇವತ್ತಿಗೂ ಅವರ ಹೆಸರಲ್ಲೇ ಜಗತ್ತಿನಲ್ಲಿ ನಡೆಯುತ್ತದೆ. ಮುಖ್ಯ ವಿಚಾರ ಎರಡು. ಒಂದು, ಪ್ರತಿ ಗುಣವನ್ನೂ ಅದು ಜನರ ನಡುವೆ ಎಷ್ಟು ಹರಡಿಕೊಂಡಿದೆ ಎಂಬುದರಿಂದ ತೂಗುವುದು. ಎಲ್ಲರ ವಯಸ್ಸೂ 40ರ ಆಸುಪಾಸಿಗೇ ಇದ್ದರೆ ಐದು ವರ್ಷ ದೊಡ್ಡ ವ್ಯತ್ಯಾಸ, 10ರಿಂದ 80ರವರೆಗೆ ಹರಡಿದ್ದರೆ ಸಣ್ಣದು. ಎರಡನೆಯದು, ಜೊತೆಜೊತೆಯಲ್ಲಿ ನಡೆಯುವ ಗುಣಗಳನ್ನು ಎರಡು ಸಲ ಎಣಿಸದಿರುವುದು. ಅಡಿಕೆ ಮರದ ವಯಸ್ಸು, ಎತ್ತರ ಎರಡನ್ನೂ ಹಿಡಿದು ಹೋಲಿಸಿದರೆ ಹೆಚ್ಚು ಕಡಿಮೆ ಒಂದೇ ವಿಷಯ ಎರಡು ಸಲ ತೂಗಿದ ಹಾಗೆ. ಮಹಲನೋಬಿಸ್ ಲೆಕ್ಕ ಅದನ್ನು ಕಳೆದುಬಿಡುತ್ತದೆ.

ಇನ್ನೊಂದು ದಾರಿ 1983ರಲ್ಲಿ ಪಾಲ್ ರೋಸೆನ್‌ಬಾಮ್, ಡೊನಾಲ್ಡ್ ರೂಬಿನ್ ಎಂಬ ಇಬ್ಬರು ತೋರಿಸಿದ್ದು. ವಯಸ್ಸು, ದೂರ, ಬೆಟ್ಟದ ದಿನ ಎಲ್ಲ ನೋಡಿ “ಇಂಥವನು ಇಂಜೆಕ್ಷನ್ ಹಾಕಿಸಿಕೊಂಡಿರುವ ಸಾಧ್ಯತೆ ಎಷ್ಟು” ಅಂತ ಒಂದೇ ಅಂಕಿ ಮಾಡುವುದು. ಇಬ್ಬರಿಗೂ ಸಾಧ್ಯತೆ ನೂರಕ್ಕೆ 60, ಆದರೆ ಒಬ್ಬ ಹಾಕಿಸಿಕೊಂಡ, ಇನ್ನೊಬ್ಬ ಇಲ್ಲ, ಅಂಥವರು ಜೋಡಿ. ಇದು ಈಗ ಬಹಳ ಬಳಕೆಯಲ್ಲಿದೆ. ನನಗೆ ಇದರಲ್ಲಿ ಒಂದು ಅಳುಕು. ಅಂಕಿ ಒಂದೇ ಆದರೂ ಮನುಷ್ಯರು ಬೇರೆ ಬೇರೆ ಇರಬಹುದು, ಕಾಡಂಚಿನ ಮುದುಕನಿಗೂ ರಸ್ತೆ ಬದಿಯ ಯುವಕನಿಗೂ ಅಂಕಿ ಒಂದೇ ಬಂದೀತು. ಗುಂಪಿನ ಮೇಲೆ ಸರಿಯಾಗುತ್ತದೆ ಅಂತ ಶಾಸ್ತ್ರ ಹೇಳುತ್ತದೆ, ಜೋಡಿ ಜೋಡಿಯಾಗಿ ನೋಡುವ ನಮ್ಮಂಥವರಿಗೆ ಸಮಾಧಾನ ಆಗುವುದಿಲ್ಲ. ಮಾಡುವುದಾದರೆ ಮೊದಲು ಕಾಡಿನ ದೂರದಲ್ಲಿ ಬಿಗಿ ಹಿಡಿದು, ಆಮೇಲೆ ಈ ಅಂಕಿ ನೋಡಲಿ.

ಜೋಡಿಯೇ ಕಟ್ಟದೆ ಎಲ್ಲರ ವಯಸ್ಸು ದೂರ ಇದ್ದ ಹಾಗೇ ಬರೆದುಕೊಂಡು ಲೆಕ್ಕದಲ್ಲೇ ಸರಿದೂಗಿಸುವ ಕ್ರಮವೂ ಇದೆ. ಕಂಪ್ಯೂಟರ್ ಇರುವವರಿಗೆ ಅದು ಸುಲಭ, ಯಾರನ್ನೂ ಹೊರಗೆ ಬಿಡಬೇಕಾಗುವುದೂ ಇಲ್ಲ. ಆದರೆ ಆ ಲೆಕ್ಕ ಊರಿನವರಿಗೆ ಕಾಣುವುದಿಲ್ಲ. ಜೋಡಿ ಪಟ್ಟಿಯನ್ನಾದರೆ ಪಂಚಾಯ್ತಿ ಕಟ್ಟೆಯ ಮೇಲೆ ಹರಡಿ “ಈ ಜೋಡಿ ಸರಿಯಿಲ್ಲ ಸ್ವಾಮಿ, ಇವರು ಬೆಟ್ಟಕ್ಕೆ ಹೋಗುವವರೇ ಅಲ್ಲ” ಅಂತ ನಾವು ಹೇಳಬಹುದು. ಆ ಒಂದು ಕಾರಣಕ್ಕೆ ನನ್ನ ಮತ ಜೋಡಿಗೇ.

ಹಂದಿಗೋಡಿನಿಂದ ಒಂದು ಪಾಠ

ಜೋಡಿ ಕಟ್ಟುವುದು ಒಳ್ಳೆಯದು ಅಂತ ಎಲ್ಲದರಲ್ಲೂ ಕಟ್ಟಿದರೆ ಹುಡುಕುವ ವಸ್ತುವೇ ಕಳೆದುಹೋಗುತ್ತದೆ. ಇದಕ್ಕೆ ಉದಾಹರಣೆ ನಮ್ಮ ತಾಲೂಕಿನಲ್ಲೇ ಇದೆ.

1974–75ರ ಸುಮಾರಿಗೆ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲಿನ ಕೀಲು ನೋವು ಬಂದು ಜನ ನಡೆಯಲಾರದೆ ಹೋಗುವ ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಬಹುಪಾಲು ಬಡ ದಲಿತ ಕೂಲಿ ಕುಟುಂಬಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುಬೇನೆ ಎಂಬ ಅರ್ಥದ ಹೆಸರಿನಲ್ಲಿ ಬರೆದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿ, ಆ ಏಡಿ ತಿಂದವರಿಗೆ ಹೀಗಾಯಿತು ಅನ್ನುವ ಮಾತು ಆಗ ಬಲವಾಗಿತ್ತು. ಮುಂದಿನ ವರ್ಷಗಳ ಅಧ್ಯಯನಗಳಲ್ಲಿ ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವ ವಂಶದ ಕಾಯಿಲೆ ಎಂದು ಕಂಡುಬಂತು.

ಈಗ ಯೋಚನೆ ಮಾಡಿ. ಏಡಿ ಕಾರಣವೋ ಅಲ್ಲವೋ ನೋಡಲು ಹೊರಟವನು, ಜೋಡಿ ಚೆನ್ನಾಗಿರಲಿ ಅಂತ ಕಾಯಿಲೆಯವನಿಗೆ ಅದೇ ಮನೆಯ, ಹೆಚ್ಚು ಕಡಿಮೆ ಅದೇ ವಯಸ್ಸಿನ ತಮ್ಮನನ್ನೇ ಜೊತೆ ಮಾಡಿದರೆ? ಇಬ್ಬರೂ ಒಂದೇ ಒಲೆಯ ಊಟ ಮಾಡಿದವರು, ಅದೇ ಗದ್ದೆಯ ಏಡಿ. ವ್ಯತ್ಯಾಸ ಕಾಣಲು ಸಾಧ್ಯವೇ ಇಲ್ಲ. “ಏಡಿ ಕಾರಣ ಅಲ್ಲ” ಅಂತ ಬರೆದರೆ ಅದು ಕಂಡುಹಿಡಿದದ್ದಲ್ಲ, ಜೋಡಿ ಕಟ್ಟುವಾಗಲೇ ಒಳಗೆ ಹಾಕಿಟ್ಟದ್ದು. ಹಾಗೇ ವಂಶ ಕಾರಣವೋ ಅಂತ ನೋಡುವವನು ರಕ್ತಸಂಬಂಧಿಯನ್ನೇ ಜೊತೆ ಮಾಡಿದರೆ ವಂಶದ ಪಾಲು ಮಸುಕಾಗುತ್ತದೆ. ಯಾವುದರಲ್ಲಿ ಜೋಡಿ ಮಾಡಿದ್ದೀರೋ ಅದರ ಬಗ್ಗೆ ಆ ಅಧ್ಯಯನ ಬಾಯಿ ಮುಚ್ಚಿದ ಹಾಗೆ. ಮಂಗನ ಕಾಯಿಲೆಯಲ್ಲಿ ಕಾಡಿನ ದೂರಕ್ಕೆ ಜೋಡಿ ಮಾಡಿದರೆ ಇಂಜೆಕ್ಷನ್ ಬಗ್ಗೆ ತಿಳಿಯುತ್ತದೆ, ಕಾಡಿನ ದೂರದ ಬಗ್ಗೆ ತಿಳಿಯುವುದಿಲ್ಲ. ಏನು ತಿಳಿಯಬೇಕು ಅಂತ ಮೊದಲೇ ತೀರ್ಮಾನ ಮಾಡಬೇಕು.

ಲಸಿಕೆಯ ವಿಷಯಕ್ಕೆ ಮತ್ತೆ ಬರೋಣ. 1990ರ ದಶಕದ ಮೊದಲಿನಲ್ಲಿ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆ 1994ರಲ್ಲಿ ಪ್ರಕಟವಾಯಿತು. ಒಂದು ಡೋಸಿಗೆ ನೂರಕ್ಕೆ 79.3, ಎರಡು ಡೋಸಿಗೆ 93.5 ರಕ್ಷಣೆ ಅಂತ ಅದರ ಲೆಕ್ಕ. 2005ರಿಂದ 2010ರವರೆಗಿನ ಶಿವಮೊಗ್ಗ ಜಿಲ್ಲೆಯ ದಾಖಲೆ ಹಿಡಿದು ಮಾಡಿದ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ಅದರಲ್ಲಿ ಎರಡು ಡೋಸಿಗೆ 62.4, ಬೂಸ್ಟರೂ ಆದವರಿಗೆ 82.9. ಅಂದರೆ ಹಾಕಿಸಿಕೊಳ್ಳದವರಲ್ಲಿ 100 ಜನಕ್ಕೆ ಬರುವ ಕಡೆ, ಅಷ್ಟೇ ಸಂಖ್ಯೆಯ ಎರಡು ಡೋಸಿನವರಲ್ಲಿ 38 ಜನಕ್ಕೆ, ಬೂಸ್ಟರಿನವರಲ್ಲಿ 17 ಜನಕ್ಕೆ. ಕಟ್ಟೆ ಮಾತಿನ “ಇಂಜೆಕ್ಷನ್ ದಂಡ” ಅನ್ನುವುದು ನಿಜವಲ್ಲ. “ಹಾಕಿಸಿಕೊಂಡರೆ ಆಯ್ತು, ಬೆಟ್ಟಕ್ಕೆ ನಡೀರಿ” ಅನ್ನುವುದೂ ನಿಜವಲ್ಲ. 93.5ರಿಂದ 62.4 ಕಳೆದು “ಲಸಿಕೆ ಇಷ್ಟು ಹಾಳಾಯಿತು” ಎನ್ನುವುದೂ ಅವಸರ. ಕಾಲ ಬೇರೆ, ಜನ ಬೇರೆ, ಹೋಲಿಕೆ ಮಾಡಿದ ಕ್ರಮ ಬೇರೆ. ಆ ಎರಡು ಅಂಕಿಗಳೇ ಒಂದಕ್ಕೊಂದು ಜೋಡಿಯಲ್ಲ.

ಇನ್ನು “ಹಾಕಿಸಿಕೊಂಡವನು” ಅನ್ನುವುದೂ ಹೌದು ಅಲ್ಲ ಅನ್ನುವ ಗುಣ ಅಲ್ಲ, ಅಳತೆಯ ಗುಣವೇ. ಎಷ್ಟು ಡೋಸು, ಕೊನೆಯದು ಆಗಿ ಎಷ್ಟು ತಿಂಗಳು? 2011ರ ಡಿಸೆಂಬರಿನಿಂದ 2012ರ ಮಾರ್ಚ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಹೆಚ್ಚಾದದ್ದನ್ನು ತನಿಖೆ ಮಾಡಿದವರು, 2011ರಲ್ಲಿ ಬೂಸ್ಟರಿಗೆ ಲಸಿಕೆ ಸಿಗದೇ ಇದ್ದದ್ದು ಒಂದು ಕಾರಣ ಇರಬಹುದು ಅಂತ ಬರೆದಿದ್ದಾರೆ. ಎರಡು ವರ್ಷ ಹಿಂದೆ ಒಂದು ಡೋಸ್ ಆದವನನ್ನೂ ಹೋದ ತಿಂಗಳು ಬೂಸ್ಟರ್ ಆದವನನ್ನೂ ಒಂದೇ ಕಲಮಿನಲ್ಲಿ ಬರೆದರೆ ಲಸಿಕೆಗೆ ಅನ್ಯಾಯ, ಜನರಿಗೂ ಅನ್ಯಾಯ.

ಜೋಡಿ ಎಷ್ಟೇ ಚೆನ್ನಾಗಿ ಕಟ್ಟಿದರೂ ಅಳೆಯದೇ ಬಿಟ್ಟ ಗುಣ ಹೊರಗೇ ಉಳಿಯುತ್ತದೆ ಅನ್ನುವುದನ್ನೂ ಹೇಳಬೇಕು. ಇಂಜೆಕ್ಷನ್ ತಪ್ಪಿಸದವನು ಸಾಮಾನ್ಯವಾಗಿ ಮೈಗೆ ಎಣ್ಣೆ ಹಚ್ಚುವುದನ್ನೂ ತಪ್ಪಿಸುವುದಿಲ್ಲ, ಮೊದಲು ಡಿಎಂಪಿ ಇತ್ತು, ಈಗ ಡೆಪಾ. ಬೆಟ್ಟದಿಂದ ಬಂದು ಬಿಸಿನೀರು ಮಿಂದು ಬಟ್ಟೆ ನೆನೆಹಾಕುವವನೂ ಅವನೇ. ಕಾಯಿಲೆ ಬಾರದಿದ್ದರೆ ಅದರಲ್ಲಿ ಲಸಿಕೆಯ ಪಾಲೆಷ್ಟು, ಎಣ್ಣೆಯ ಪಾಲೆಷ್ಟು? ಎಣ್ಣೆ ಹಚ್ಚಿದ ದಿನ ಬರೆದಿಟ್ಟಿದ್ದರೆ ಮಾತ್ರ ಹೇಳಬಹುದು.

ನಮ್ಮ ತೋಟದ ಮಾತು

ಈಗ ನಮ್ಮ ನಮ್ಮೊಳಗಿನ ಜಗಳ. ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಹಿಡಿದ ಮೇಲೆ ಔಷಧಿ ಅಂಗಡಿಯವರ ಕಾಲ. ದಿನಕ್ಕೊಂದು ಬಾಟಲಿ, ದಿನಕ್ಕೊಂದು ಫೋಟೋ. “ಹೊಡೆದ ತೋಟ ನೋಡಿ, ಹೊಡೆಯದ ತೋಟ ನೋಡಿ.” ನಾನು ಕೇಳುವುದು ಇಷ್ಟೇ. ಎರಡೂ ತೋಟದ ಮರದ ವಯಸ್ಸೇನು? ಬಸಿಗಾಲುವೆ ಎಷ್ಟು ಆಳ? ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಹೊಡೆಯುವ ಮೊದಲು ಎಷ್ಟು ಎಲೆಗೆ ಚುಕ್ಕಿ ಇತ್ತು? ದುಡ್ಡು ಇದ್ದವನು ಬಾಟಲಿ ತರುತ್ತಾನೆ, ಅವನೇ ಗೊಬ್ಬರವನ್ನೂ ಹಾಕುತ್ತಾನೆ, ಕಾಲುವೆಯನ್ನೂ ಬಿಡಿಸುತ್ತಾನೆ. ಎರಡು ಎಕರೆಯಲ್ಲಿ ಸಾಲ ಮಾಡಿ ಬಾಟಲಿ ತಂದವನಿಗೆ ಅದೇ ಫಲ ಬರಬೇಕೆಂದಿಲ್ಲ. ಸಣ್ಣ ಹಿಡುವಳಿಯವನ ಕಿಸೆಯಿಂದ ಹೋಗುವ ದುಡ್ಡಿನ ಪ್ರಶ್ನೆ ಇದು.

ಮತ್ತೊಂದು, ಔಷಧಿ ಯಾವಾಗಲೂ ಕೆಟ್ಟ ಮೂಲೆಗೇ ಹೊಡೆಯುವುದು. ಅತಿ ಕೆಟ್ಟದ್ದು ಮುಂದಿನ ವರ್ಷ ತಾನಾಗಿಯೂ ಸ್ವಲ್ಪ ಸುಧಾರಿಸುವುದುಂಟು, ಅಡಿಕೆ ಫಸಲು ಒಂದು ವರ್ಷ ಹೆಚ್ಚು ಒಂದು ವರ್ಷ ಕಡಿಮೆ ಬರುವುದನ್ನು ಕಾಣದವರಿಲ್ಲ. ಹಾಗಾಗಿ ಕೆಟ್ಟ ಮರಕ್ಕೆ ಹೋದ ವರ್ಷ ಅಷ್ಟೇ ಕೆಟ್ಟಿದ್ದ ಮರವನ್ನೇ ಜೋಡಿ ಮಾಡಬೇಕು. ಜೋಡಿ ಮಾಡುವುದು ಹೊಡೆಯುವ ಮೊದಲಿನ ಅಳತೆಯಿಂದ, ಆಮೇಲಿನದ್ದರಿಂದ ಅಲ್ಲ. ಈ ವರ್ಷದ ಹಿಂಗಾರದ ಸಂಖ್ಯೆ ನೋಡಿ ಜೋಡಿ ಮಾಡಿದರೆ, ಔಷಧಿ ಹಿಂಗಾರ ಉಳಿಸಿದ್ದರೂ ಆ ಗುಣ ಜೋಡಿಯಲ್ಲೇ ಮುಚ್ಚಿಹೋಗುತ್ತದೆ.

ತೋಟದಲ್ಲಿ ನಮಗೊಂದು ಅನುಕೂಲ ಇದೆ, ವೈದ್ಯರಿಗೆ ಇಲ್ಲದ್ದು. ಯಾವ ಮರಕ್ಕೆ ಹೊಡೆಯಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಇಪ್ಪತ್ತು ಮರ ಆರಿಸಿ, ಹೋದ ವರ್ಷದ ಕೊನೆ, ಸುತ್ತಳತೆ, ಚುಕ್ಕಿಯ ಪ್ರಮಾಣ ನೋಡಿ ಹತ್ತಿರ ಹತ್ತಿರದವನ್ನು ಹತ್ತು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಯಾವುದಕ್ಕೆ ಹೊಡೆಯುವುದು ಅಂತ ನಾಣ್ಯ ಚಿಮ್ಮಿ. ಅಳೆಯದ ಗುಣಗಳ ತಕರಾರು ನಾಣ್ಯದಿಂದ ಬಹುಪಾಲು ಬಗೆಹರಿಯುತ್ತದೆ, ಅವು ಒಂದೇ ಕಡೆಗೆ ವಾಲಲು ಕಾರಣ ಇರುವುದಿಲ್ಲ. ಔಷಧಿ ಪಕ್ಕದ ಮರಕ್ಕೆ ಹಾರದಷ್ಟು ಅಂತರ ಇರಲಿ. ಲೆಕ್ಕ ಹಾಕುವಾಗಲೂ ಜೋಡಿ ಮುರಿಯಬೇಡಿ. ಹತ್ತು ಜೋಡಿಯಲ್ಲಿ ಎಷ್ಟರಲ್ಲಿ ಹೊಡೆದ ಮರ ಗೆದ್ದಿತು ಅಂತ ನೋಡಿ. ಒಂಬತ್ತರಲ್ಲಿ ಗೆದ್ದರೆ ಮಾತನಾಡಬಹುದು, ಆರರಲ್ಲಿ ಗೆದ್ದರೆ ನಾಣ್ಯವೇ ಅಷ್ಟು ಗೆಲ್ಲುತ್ತದೆ. ಈ ಪತ್ರಿಕೆಗೆ “ನಾನು ಹೀಗೆ ಮಾಡಿ ಯಶಸ್ವಿಯಾದೆ” ಅಂತ ಬರೆಯುವ ಕೃಷಿಕ ಮಿತ್ರರು ಹೋಲಿಸಿದ ಮರ ಯಾವುದು ಅನ್ನುವುದನ್ನೂ ಒಂದು ಸಾಲು ಬರೆದರೆ ಓದುವವರಿಗೆ ಉಪಕಾರ.

ಹಳೆಯ ಮಂಗನ ಕಾಯಿಲೆ ಲಸಿಕೆ ಕೊಡುವುದು 2022ರಲ್ಲಿ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿದೆ. ಅದು ತಯಾರಾದ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡಲು ನಮ್ಮ ಕಡೆಗೇ ಬರಬೇಕು, ಕಾಯಿಲೆ ಇರುವುದೇ ಇಲ್ಲಿ. ಆಗ ಮನೆಗೆ ಪಟ್ಟಿ ಹಿಡಿದು ಬಂದವರು “ವಯಸ್ಸು 40–60, ಕಾಡು ಹತ್ತಿರ: ಹೌದು” ಅಂತ ಗೀಚಿಕೊಂಡು ಹೊರಟರೆ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ಹೇಳಿ: ವಯಸ್ಸನ್ನು ವರ್ಷದಲ್ಲಿ ಬರೆಯಿರಿ, ಮನೆಯಿಂದ ಕಾಡಿನ ಅಂಚಿಗೆ ಎಷ್ಟು ಮೀಟರ್ ಅಂತ ಬರೆಯಿರಿ, ತಿಂಗಳಲ್ಲಿ ಎಷ್ಟು ದಿನ ಬೆಟ್ಟಕ್ಕೆ ಹೋಗುತ್ತೇವೆ, ಎಷ್ಟು ದಿನ ಎಣ್ಣೆ ಹಚ್ಚುತ್ತೇವೆ, ಡೋಸ್ ಆದ ತಾರೀಕು ಯಾವುದು. ಗುಂಪು ಮಾಡುವುದಿದ್ದರೆ ಆಮೇಲೂ ಮಾಡಬಹುದು, ಗುಂಪು ಮಾಡಿ ಬರೆದದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಮೀಟರ್ ಅಳೆಯಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ನಮ್ಮ ಹತ್ತಿರ ತೋಟಕ್ಕೆ ಪೈಪ್ ಎಳೆಯುವಾಗ ತಂದ ಟೇಪ್ ಇದ್ದೇ ಇರುತ್ತದೆ.